ಹಾರ್ಮೋನ್ ಮರುಪೂರಣ ಚಿಕಿತ್ಸೆ ನಿಲ್ಲಿಸಿದ ನಂತರದ ಲಕ್ಷಣಗಳು

ಋತುಬಂಧದ ತೊಂದರೆಗಳ ಪರಿಹಾರಕ್ಕಾಗಿ ಈಸ್ಟ್ರೊಜೆನ್ ಹಾರ್ಮೋನನ್ನು, ಅಥವಾ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್‌ಗಳನ್ನು ಒಟ್ಟಾಗಿ, ಔಷಧರೂಪದಲ್ಲಿ ಕೊಡುವುದಕ್ಕೆ ಹಾರ್ಮೋನ್ ಮರುಪೂರಣ ಚಿಕಿತ್ಸೆ ಅಥವಾ ಎಚ್‌ಆರ್‌ಟಿ ಎನ್ನುತ್ತಾರೆ. ಈ ಚಿಕಿತ್ಸೆಯನ್ನು ಬಿಟ್ಟ ಮಹಿಳೆಯರಲ್ಲಿ ಕೆಲವು ದಿನ ಅಥವಾ ವಾರಗಳೊಳಗೆ ಮೈ ಬಿಸಿಯೇರುವಿಕೆ, ರಾತ್ರಿ ಬೆವರು, ನಿದ್ರಾಭಂಗ, ಕೀಲುನೋವು, ಮನಸ್ಸಿನ ಏರುಪೇರು, ಯೋನಿಯ ಶುಷ್ಕತೆ ಮೊದಲಾದವು ಕಾಣಿಸಿಕೊಳ್ಳಬಹುದು. ಇವು ಔಷಧದಿಂದ ಹುಟ್ಟಿದ ಹೊಸ ಕಾಯಿಲೆಯಲ್ಲ, ಮಾದಕವಸ್ತು ಬಿಟ್ಟಾಗ ಉಂಟಾಗುವಂಥ ಚಟದ ಪರಿಣಾಮವೂ ಅಲ್ಲ. ಔಷಧವು ತಡೆದಿಟ್ಟಿದ್ದ ಋತುಬಂಧದ ಲಕ್ಷಣಗಳೇ ಬಹುಮಟ್ಟಿಗೆ ಮರಳಿ ಬರುತ್ತವೆ.

ಹೆಚ್ಚಿನವರಲ್ಲಿ ಈ ತೊಂದರೆ ಸೌಮ್ಯವಾಗಿರುತ್ತದೆ. ಕೆಲವರಲ್ಲಿ ಮಾತ್ರ ದಿನಚರಿ ಕೆಡುವಷ್ಟು ತೀವ್ರವಾಗಿದ್ದು, ತಿಂಗಳುಗಟ್ಟಲೆ ಉಳಿಯುತ್ತದೆ. ಎಲ್ಲ ಲಕ್ಷಣಗಳೂ ಕಾಲಕ್ರಮದಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು. ಮೈ ಬಿಸಿಯೇರುವಿಕೆ ಸಾಮಾನ್ಯವಾಗಿ ಕಾಲ ಕಳೆದಂತೆ ತಗ್ಗುತ್ತದೆ. ಯೋನಿ ಮತ್ತು ಮೂತ್ರಾಂಗಗಳ ತೊಂದರೆ ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚುತ್ತಲೇ ಹೋಗುತ್ತದೆ. ಮೂಳೆಯ ಸವೆತ ಯಾವ ಸೂಚನೆಯನ್ನೂ ಕೊಡದೆ ನಡೆಯುತ್ತದೆ. ಆದ್ದರಿಂದ "ಸಹಿಸಿಕೊಂಡರೆ ತಾನಾಗಿಯೇ ಹೋಗುತ್ತದೆ" ಎಂಬ ಸಲಹೆ ಮೊದಲನೆಯದಕ್ಕೆ ಒಂದಿಷ್ಟು ಹೊಂದುತ್ತದೆ, ಉಳಿದೆರಡಕ್ಕೆ ಹೊಂದುವುದಿಲ್ಲ.

ಹಿನ್ನೆಲೆ

ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮಿಶ್ರಣವಾದ ಪ್ರೆಮರಿನ್ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. 1966ರಲ್ಲಿ ಪ್ರಕಟವಾದ ವೈದ್ಯ ರಾಬರ್ಟ್ ವಿಲ್ಸನ್ ಅವರ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕವು ಋತುಬಂಧವನ್ನೇ ಒಂದು ಕೊರತೆಯ ರೋಗವೆಂದು ಬಣ್ಣಿಸಿ, ಹಾರ್ಮೋನನ್ನು ಜೀವನಪರ್ಯಂತ ಸೇವಿಸಬೇಕೆಂಬ ಅಭಿಪ್ರಾಯವನ್ನು ಜನಪ್ರಿಯಗೊಳಿಸಿತು. ಈಸ್ಟ್ರೊಜೆನ್ ಒಂದನ್ನೇ ಸೇವಿಸುವುದರಿಂದ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದುಬಂದ ಮೇಲೆ, ಗರ್ಭಕೋಶವಿರುವ ಮಹಿಳೆಯರಿಗೆ ಅದರೊಂದಿಗೆ ಪ್ರೊಜೆಸ್ಟೊಜೆನ್ ಸೇರಿಸಿ ಕೊಡುವ ಪದ್ಧತಿ ಬೆಳೆಯಿತು. 1990ರ ದಶಕದಲ್ಲಿ ಹೃದಯರಕ್ಷಣೆಗೆಂದೂ ಇದನ್ನು ಬರೆದುಕೊಡುತ್ತಿದ್ದರು. 1999ರ ವೇಳೆಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 9 ಕೋಟಿ ಔಷಧಚೀಟಿಗಳು ಈ ಚಿಕಿತ್ಸೆಗಾಗಿ ಬರೆಯಲ್ಪಡುತ್ತಿದ್ದವು.

ಚಿಕಿತ್ಸೆಯನ್ನು ನಿಲ್ಲಿಸುವ ವಿಷಯ ದೊಡ್ಡ ಪ್ರಶ್ನೆಯಾದದ್ದು 2002ರ ಜುಲೈ ತಿಂಗಳಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನದಲ್ಲಿ 16,608 ಮಹಿಳೆಯರು ಈಸ್ಟ್ರೊಜೆನ್–ಪ್ರೊಜೆಸ್ಟಿನ್ ಜೋಡಿ ಮಾತ್ರೆಯನ್ನೋ ಹುಸಿ ಮಾತ್ರೆಯನ್ನೋ ಸೇವಿಸುತ್ತಿದ್ದರು. ಸರಾಸರಿ 5.2 ವರ್ಷಗಳ ನಂತರ, ಪ್ರಯೋಜನಕ್ಕಿಂತ ಅಪಾಯ ಹೆಚ್ಚೆಂದು ಕಂಡದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ಕೈಬಿಡಲಾಯಿತು. ವರ್ಷಕ್ಕೆ 10,000 ಮಹಿಳೆಯರ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ 8, ಹೃದ್ರೋಗ 7 ಪ್ರಕರಣಗಳಷ್ಟು ಹೆಚ್ಚಾಗಿದ್ದವು. ದೊಡ್ಡ ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆ ಮುರಿತ 5 ಪ್ರಕರಣಗಳಷ್ಟು ಕಡಿಮೆಯಾಗಿದ್ದವು. ಗರ್ಭಕೋಶ ತೆಗೆಸಿಕೊಂಡಿದ್ದವರಿಗೆ ಈಸ್ಟ್ರೊಜೆನ್ ಮಾತ್ರ ಕೊಟ್ಟ ಇನ್ನೊಂದು ಪ್ರಯೋಗ 2004ರಲ್ಲಿ ನಿಂತಿತು. ಅದರಲ್ಲಿ ಪಾರ್ಶ್ವವಾಯು ಹೆಚ್ಚಿತ್ತು, ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ.

ಸುದ್ದಿ ಪತ್ರಿಕೆಗಳಲ್ಲಿ ಬಂದ ಕೆಲವೇ ವಾರಗಳಲ್ಲಿ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. 2003ರ ವೇಳೆಗೆ ಔಷಧಚೀಟಿಗಳ ಸಂಖ್ಯೆ ವರ್ಷಕ್ಕೆ 6 ಕೋಟಿಗಿಂತ ಕೆಳಗಿಳಿಯಿತು. ಆರಂಭಿಸುವುದು ಹೇಗೆಂಬ ಬಗ್ಗೆ ವೈದ್ಯರ ಬಳಿ ಬೇಕಾದಷ್ಟು ಮಾಹಿತಿ ಇತ್ತು. ನಿಲ್ಲಿಸುವುದು ಹೇಗೆಂಬ ಬಗ್ಗೆ ಪ್ರಯೋಗಗಳೇ ನಡೆದಿರಲಿಲ್ಲ. ಇಂದು ಈ ವಿಷಯದಲ್ಲಿ ಗೊತ್ತಿರುವ ಹೆಚ್ಚಿನ ಅಂಶಗಳು ಆ ಗೊಂದಲದ ನಂತರದ ಕೆಲವು ವರ್ಷಗಳಲ್ಲಿ ಸಂಗ್ರಹವಾದವು.

ಮೂಲ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಆಗಿತ್ತೆಂಬುದು ಆಗ ಸಾಕಷ್ಟು ಗಮನಕ್ಕೆ ಬರಲಿಲ್ಲ. ಐವತ್ತರ ಆಸುಪಾಸಿನಲ್ಲಿ ಚಿಕಿತ್ಸೆ ಆರಂಭಿಸುವವರಿಗೆ ಆ ಅಂಕಿಗಳು ಹಾಗೆಯೇ ಅನ್ವಯಿಸುವುದಿಲ್ಲವೆಂದು ನಂತರದ ವಿಶ್ಲೇಷಣೆಗಳು ತೋರಿಸಿದವು. ಹೃದ್ರೋಗ, ಸ್ತನ ಕ್ಯಾನ್ಸರ್ ಮೊದಲಾದವನ್ನು ಹೆಸರಿಸುವ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಈ ಔಷಧಗಳಿಂದ ತೆಗೆಯುವ ಕ್ರಮವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ನವೆಂಬರಿನಲ್ಲಿ ಪ್ರಕಟಿಸಿತು.

ಕಾರಣ

ಮೆದುಳಿನ ಹೈಪೊಥಲಾಮಸ್ ಭಾಗವು ದೇಹದ ಉಷ್ಣತೆಯನ್ನು ಒಂದು ಕಿರಿದಾದ ಎಲ್ಲೆಯೊಳಗೆ ಇರಿಸುತ್ತದೆ. ಉಷ್ಣತೆ ಈ ಎಲ್ಲೆಯೊಳಗೆ ಸ್ವಲ್ಪ ಏರಿಳಿದರೆ ದೇಹ ಬೆವರುವುದೂ ಇಲ್ಲ, ನಡುಗುವುದೂ ಇಲ್ಲ. ಈಸ್ಟ್ರೊಜೆನ್ ಇಳಿದಾಗ ತೊಂದರೆಗೊಳಗಾಗುವ ಮಹಿಳೆಯರಲ್ಲಿ ಈ ಎಲ್ಲೆ ಬಹಳ ಕುಗ್ಗುತ್ತದೆ. ಒಂದು ಲೋಟ ಬಿಸಿ ಕಾಫಿ, ಅಡುಗೆಮನೆಯ ಒಲೆಯ ಝಳ, ಸಣ್ಣ ಉದ್ವೇಗ ಇಷ್ಟೇ ಸಾಕು, ದೇಹವು ತಾನು ಕಾದಿರುವೆನೆಂದು ತಪ್ಪಾಗಿ ತಿಳಿದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಎದೆ, ಕುತ್ತಿಗೆ, ಮುಖಗಳು ಥಟ್ಟನೆ ಬಿಸಿಯಾಗಿ, ಎದೆಬಡಿತ ಹೆಚ್ಚಿ, ಕೆಲವು ನಿಮಿಷಗಳ ನಂತರ ಚಳಿಯೆನಿಸುವ ಈ ಅನುಭವಕ್ಕೆ ಹಾಟ್ ಫ್ಲಷ್ ಎಂದು ಹೆಸರು. ಅದು ನಿದ್ರೆಯಲ್ಲಿ ಬಂದರೆ ರಾತ್ರಿ ಬೆವರು ಎನಿಸಿಕೊಳ್ಳುತ್ತದೆ.

ಹೈಪೊಥಲಾಮಸ್‌ನಲ್ಲಿರುವ ಕೆಲವು ನರಕೋಶಗಳು ನ್ಯೂರೊಕೈನಿನ್ ಬಿ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಈಸ್ಟ್ರೊಜೆನ್ ಇರುವಾಗ ಅವು ಅಂಕೆಯಲ್ಲಿರುತ್ತವೆ. ಅದು ಇಲ್ಲವಾದಾಗ ಅತಿಯಾಗಿ ಚುರುಕುಗೊಂಡು ಉಷ್ಣನಿಯಂತ್ರಣದ ಕೇಂದ್ರವನ್ನು ಕೆಣಕುತ್ತವೆ. ಅಂಡಾಶಯಗಳ ಸ್ರಾವ ನಿಧಾನವಾಗಿ ನಿಂತರೂ, ಮಾತ್ರೆ ನಿಂತು ಕೆಲವು ದಿನಗಳಲ್ಲಿ ಹಾರ್ಮೋನ್ ದೇಹದಿಂದ ಹೊರಹೋದರೂ ಮೆದುಳಿನ ದೃಷ್ಟಿಯಲ್ಲಿ ಎರಡೂ ಒಂದೇ ಬಗೆಯ ಘಟನೆ. ಚರ್ಮದ ಕೆಳಗೆ ಇಡುವ ಹಾರ್ಮೋನ್ ಗುಳಿಗೆಗಳು ಮಾತ್ರ ತಿಂಗಳುಗಟ್ಟಲೆ ಕೆಲಸ ಮಾಡುವುದರಿಂದ, ಅವುಗಳನ್ನು ಬಳಸಿದವರಲ್ಲಿ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳುತ್ತವೆ.

ವ್ಯಾಪ್ತಿ ಮತ್ತು ಅವಧಿ

2002ರಲ್ಲಿ ನಿಂತ ಪ್ರಯೋಗದಲ್ಲಿ ಕೊನೆಯವರೆಗೂ ಮಾತ್ರೆ ಸೇವಿಸುತ್ತಿದ್ದ 8,405 ಮಹಿಳೆಯರನ್ನು ಎಂಟರಿಂದ ಹನ್ನೆರಡು ತಿಂಗಳ ನಂತರ ವಿಚಾರಿಸಿದ ಸಮೀಕ್ಷೆ 2005ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಬಿಟ್ಟವರಲ್ಲಿ ಶೇ 21.2ರಷ್ಟು ಮಂದಿಗೆ ಮಧ್ಯಮ ಅಥವಾ ತೀವ್ರ ಹಾಟ್ ಫ್ಲಷ್ ಇಲ್ಲವೆ ರಾತ್ರಿ ಬೆವರು ಇತ್ತು. ಹುಸಿ ಮಾತ್ರೆ ಬಿಟ್ಟವರಲ್ಲಿ ಶೇ 4.8 ಮಂದಿಗೆ ಮಾತ್ರ. ಚಿಕಿತ್ಸೆಗೆ ಮೊದಲೇ ಈ ತೊಂದರೆ ಇದ್ದವರನ್ನಷ್ಟೇ ತೆಗೆದುಕೊಂಡರೆ ಪ್ರಮಾಣ ಶೇ 55.5ಕ್ಕೆ ಏರುತ್ತದೆ. ಚಿಕಿತ್ಸೆಗೆ ಮೊದಲು ಹಾಟ್ ಫ್ಲಷ್ ಎಷ್ಟಿತ್ತು ಎಂಬ ನೆನಪೇ, ಬಿಟ್ಟ ನಂತರ ಏನಾಗಬಹುದೆಂಬುದಕ್ಕೆ ಸಿಗುವ ಒಳ್ಳೆಯ ಸುಳಿವು. ಉತ್ತರಿಸಿದವರ ಸರಾಸರಿ ವಯಸ್ಸು 69ರ ಹತ್ತಿರವಿತ್ತು. ಆ ವಯಸ್ಸಿಗೆ ಋತುಬಂಧದ ತೊಂದರೆಗಳೆಲ್ಲ ಮುಗಿದಿರುತ್ತವೆ ಎಂಬ ಸಾಮಾನ್ಯ ನಂಬಿಕೆಯನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಅದೇ ಕಾಲದಲ್ಲಿ ಚಿಕಿತ್ಸೆ ಬಿಡಲು ಯತ್ನಿಸಿದ 377 ಮಹಿಳೆಯರ ಅಧ್ಯಯನವು 2003ರಲ್ಲಿ ಹೊರಬಂದಿತು. ಅವರಲ್ಲಿ ಶೇ 26ರಷ್ಟು ಮಂದಿ ಮತ್ತೆ ಔಷಧಕ್ಕೆ ಮರಳಿದ್ದರು. ಹಾಗೆಯೇ, ಶೇ 70ರಷ್ಟು ಮಂದಿಗೆ ಯಾವ ತೊಂದರೆಯೂ ಆಗಿರಲಿಲ್ಲ ಅಥವಾ ಅಲ್ಪಸ್ವಲ್ಪ ಮಾತ್ರ ಆಗಿತ್ತು. ಬಿಡಲಾಗದವರ ಕಥೆಗಳು ಹೆಚ್ಚು ಕೇಳಿಬರುವುದರಿಂದ ಈ ಎರಡನೆಯ ಅಂಕಿ ಮರೆಯಾಗುತ್ತದೆ.

ಲಕ್ಷಣಗಳು ಎಷ್ಟು ಕಾಲ ಇರುತ್ತವೆ ಎಂಬುದಕ್ಕೆ ಖಚಿತ ಉತ್ತರವಿಲ್ಲ. ಮೊದಲ ಕೆಲವು ತಿಂಗಳು ಕಠಿಣವಾಗಿದ್ದು, ಒಂದು ವರ್ಷದೊಳಗೆ ಬಹಳಷ್ಟು ಮಂದಿಗೆ ಸಹನೀಯವಾಗುತ್ತದೆ. ಹಾರ್ಮೋನ್ ಸೇವಿಸದೆಯೇ ಋತುಬಂಧವನ್ನು ದಾಟಿದ ಅಮೆರಿಕದ ಮಹಿಳೆಯರನ್ನು ದೀರ್ಘಕಾಲ ಗಮನಿಸಿದ 'ಸ್ವಾನ್' ಅಧ್ಯಯನದಲ್ಲಿ, ಆಗಾಗ್ಗೆ ಹಾಟ್ ಫ್ಲಷ್ ಬರುತ್ತಿದ್ದವರಿಗೆ ಅದು ಇದ್ದ ಅವಧಿಯ ಮಧ್ಯಾಂಕ 7.4 ವರ್ಷ, ಕೊನೆಯ ಮುಟ್ಟಿನ ನಂತರದ್ದೇ 4.5 ವರ್ಷ. ಮೂರು ವರ್ಷ ಚಿಕಿತ್ಸೆ ಪಡೆದು ನಿಲ್ಲಿಸಿದವರಿಗೆ ಇನ್ನೂ ತೊಂದರೆ ಉಳಿದಿದ್ದರೆ, ಸಹಜ ಅವಧಿಯೇ ಮುಗಿದಿರಲಿಲ್ಲ ಎಂದು ಇದರಿಂದ ಅರ್ಥಮಾಡಿಕೊಳ್ಳಬಹುದು.

ಒಮ್ಮೆಲೇ ನಿಲ್ಲಿಸುವುದು ಮತ್ತು ಹಂತಹಂತವಾಗಿ ನಿಲ್ಲಿಸುವುದು

ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿದರೆ ದೇಹ ಒಗ್ಗಿಕೊಳ್ಳುತ್ತದೆ ಎಂಬುದು ವೈದ್ಯರಲ್ಲೂ ರೋಗಿಗಳಲ್ಲೂ ಹಬ್ಬಿರುವ ನಂಬಿಕೆ. ಕೇಳಲು ಸರಿಯೆನಿಸುವ ಈ ಮಾತನ್ನು ಪರೀಕ್ಷಿಸಿದ ಪ್ರಯೋಗಗಳು ಸಣ್ಣವು ಮತ್ತು ಕೆಲವೇ. ಇಸ್ರೇಲಿನಲ್ಲಿ 91 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಮ್ಮೆಲೇ ಬಿಟ್ಟವರಿಗೆ ಮೂರನೆಯ ತಿಂಗಳಲ್ಲಿ ತೊಂದರೆ ಹೆಚ್ಚಿತ್ತು. ಆರನೆಯ ತಿಂಗಳಲ್ಲಿ ಹಂತಹಂತವಾಗಿ ಬಿಟ್ಟವರಿಗೆ ಹೆಚ್ಚಿತ್ತು. ಒಂಬತ್ತು ತಿಂಗಳ ನಂತರ ವ್ಯತ್ಯಾಸವೇ ಉಳಿಯಲಿಲ್ಲ. ಸ್ವೀಡನ್‌ನಲ್ಲಿ 87 ಮಹಿಳೆಯರ ಮೇಲೆ ನಡೆದು 2010ರಲ್ಲಿ ವರದಿಯಾದ ಪ್ರಯೋಗದಲ್ಲಿ ನಾಲ್ಕು ವಾರಗಳ ಇಳಿಕೆಗೂ ಥಟ್ಟನೆ ನಿಲ್ಲಿಸಿದ್ದಕ್ಕೂ ಅಂತರ ಕಾಣಲಿಲ್ಲ. ಆ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಂದು ವರ್ಷದೊಳಗೆ ಚಿಕಿತ್ಸೆಗೆ ಮರಳಿದರು.

ಅಂದರೆ ನಿಧಾನವಾಗಿ ಇಳಿಸುವುದು ತೊಂದರೆಯನ್ನು ಮುಂದೂಡುತ್ತದೆಯೇ ಹೊರತು ಒಟ್ಟು ಭಾರವನ್ನು ತಗ್ಗಿಸುತ್ತದೆಂದು ಹೇಳಲು ಆಧಾರವಿಲ್ಲ. ಹಾಗೆಂದು ಅದು ನಿರುಪಯುಕ್ತವೂ ಅಲ್ಲ. ಮಗಳ ಮದುವೆಯೋ ಕಚೇರಿಯ ಮುಖ್ಯ ಕೆಲಸವೋ ಎದುರಿಗಿರುವಾಗ ತೊಂದರೆಯ ಕಾಲವನ್ನು ತಾವೇ ಆರಿಸಿಕೊಳ್ಳುವ ಅವಕಾಶ ಇದರಿಂದ ಸಿಗುತ್ತದೆ. ಇಳಿಸುವ ಹಾದಿಯಲ್ಲಿ ಎಷ್ಟು ಕಡಿಮೆ ಪ್ರಮಾಣ ತಮಗೆ ಸಾಕಾಗುತ್ತದೆ ಎಂಬುದೂ ತಿಳಿಯಬಹುದು. ಕೆಲವರು ಆ ಹಂತದಲ್ಲೇ ನಿಂತು ಮತ್ತೊಂದಿಷ್ಟು ಕಾಲ ಮುಂದುವರಿಯುತ್ತಾರೆ. ರಕ್ತ ಹೆಪ್ಪುಗಟ್ಟಿದಾಗ, ಪಾರ್ಶ್ವವಾಯು, ಹೃದಯಾಘಾತ ಅಥವಾ ಸ್ತನ ಕ್ಯಾನ್ಸರ್ ಪತ್ತೆಯಾದಾಗ ಮಾತ್ರ ಇಂಥ ಆಯ್ಕೆ ಇರುವುದಿಲ್ಲ. ಆಗ ಔಷಧವನ್ನು ತಕ್ಷಣ ನಿಲ್ಲಿಸಲಾಗುತ್ತದೆ.

ಗರ್ಭಕೋಶವಿರುವವರು ಇಳಿಸುವಾಗ ಈಸ್ಟ್ರೊಜೆನ್ ಮುಂದುವರಿಸಿ ಪ್ರೊಜೆಸ್ಟೊಜೆನ್ ಒಂದನ್ನೇ ಬಿಡಬಾರದು. ಮಾತ್ರೆ ಬಿಟ್ಟ ಕೆಲವು ದಿನಗಳಲ್ಲಿ ಒಮ್ಮೆ ಮುಟ್ಟಿನಂಥ ರಕ್ತಸ್ರಾವ ಆಗಬಹುದು. ಅದರ ನಂತರವೂ ಸ್ರಾವ ಕಂಡರೆ, ಎಷ್ಟೇ ಅಲ್ಪವಾಗಿದ್ದರೂ, ಸ್ತ್ರೀರೋಗತಜ್ಞರ ಪರೀಕ್ಷೆ ಅಗತ್ಯ.

ಹಾಟ್ ಫ್ಲಷ್ ಮತ್ತು ರಾತ್ರಿ ಬೆವರಿನ ನಿರ್ವಹಣೆ

ಹತ್ತಿಯ ಸಡಿಲ ಉಡುಪು, ಹಾಸಿಗೆಯ ಬಳಿ ಫ್ಯಾನ್, ತಣ್ಣೀರು, ಮಸಾಲೆ, ಮದ್ಯ ಹಾಗೂ ಬಿಸಿ ಪಾನೀಯಗಳಲ್ಲಿ ಮಿತಿ ಇವು ಎಲ್ಲ ಕೈಪಿಡಿಗಳಲ್ಲೂ ಕಾಣುವ ಸಲಹೆಗಳು. ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿಯು ಹಾರ್ಮೋನೇತರ ಚಿಕಿತ್ಸೆಗಳ ಬಗ್ಗೆ 2023ರಲ್ಲಿ ಹೊರಡಿಸಿದ ನಿಲುವಿನಲ್ಲಿ ಈ ತಂಪುಗೊಳಿಸುವ ಉಪಾಯಗಳನ್ನಾಗಲಿ, ಪ್ರಚೋದಕಗಳನ್ನು ದೂರವಿಡುವುದನ್ನಾಗಲಿ, ಯೋಗ, ವ್ಯಾಯಾಮ, ನಿಧಾನ ಉಸಿರಾಟ, ಅಕ್ಯುಪಂಕ್ಚರ್‌ಗಳನ್ನಾಗಲಿ ಹಾಟ್ ಫ್ಲಷ್‌ಗೆ ಚಿಕಿತ್ಸೆಯೆಂದು ಶಿಫಾರಸು ಮಾಡಲಿಲ್ಲ. ಇದು ಹಲವರಿಗೆ ಅಚ್ಚರಿ ತಂದಿತು. ವ್ಯಾಯಾಮ ಮತ್ತು ಯೋಗದಿಂದ ಹೃದಯ, ಮೂಳೆ, ನಿದ್ರೆಗಳಿಗೆ ಆಗುವ ಒಳಿತನ್ನು ಆ ನಿಲುವು ಅಲ್ಲಗಳೆಯುವುದಿಲ್ಲ. ಹಾಟ್ ಫ್ಲಷ್‌ಗಳನ್ನು ಅವು ತಗ್ಗಿಸುತ್ತವೆಂಬುದಕ್ಕೆ ಪುರಾವೆ ಸಾಲದು ಎಂಬಷ್ಟೇ ಅದರ ಅರ್ಥ. ಫ್ಯಾನ್ ಹಾಕಿಕೊಳ್ಳಲು ಯಾರಿಗೂ ಪ್ರಯೋಗದ ಪುರಾವೆ ಬೇಕಿಲ್ಲ. ಆದರೆ ಇವೆಲ್ಲವನ್ನೂ ಮಾಡಿಯೂ ಗುಣ ಕಾಣದಿದ್ದರೆ ಅದು ತನ್ನದೇ ಶಿಸ್ತಿನ ಕೊರತೆಯೆಂದು ಮಹಿಳೆ ಭಾವಿಸಬೇಕಾಗಿಲ್ಲ.

ಅದೇ ನಿಲುವು ಶಿಫಾರಸು ಮಾಡಿದ ಔಷಧರಹಿತ ವಿಧಾನಗಳಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಮುಖ್ಯವಾದದ್ದು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮೈರಾ ಹಂಟರ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ 'ಮೆನೊಸ್' ಪ್ರಯೋಗಗಳು ಇದಕ್ಕೆ ಆಧಾರ. ಹಾಟ್ ಫ್ಲಷ್ ಬಂದಾಗ "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ", "ಇನ್ನು ನಿದ್ರೆ ಬರುವುದೇ ಇಲ್ಲ" ಎಂಬ ಯೋಚನೆಗಳು ಉದ್ವೇಗವನ್ನು ಹೆಚ್ಚಿಸಿ ಕಷ್ಟವನ್ನು ಇಮ್ಮಡಿಗೊಳಿಸುತ್ತವೆ. ಆ ಯೋಚನೆಗಳನ್ನು ಗುರುತಿಸಿ, ಪರಿಶೀಲಿಸಿ, ಉಸಿರನ್ನು ಸಡಿಲಗೊಳಿಸಿ ಆ ಕೆಲವು ನಿಮಿಷಗಳನ್ನು ಕಳೆಯುವುದನ್ನು ಇಲ್ಲಿ ಕಲಿಸುತ್ತಾರೆ. ಇದರಿಂದ ಹಾಟ್ ಫ್ಲಷ್‌ಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಅವು ಕೊಡುವ ಕಾಟ ಇಳಿಯುತ್ತದೆ. ಸ್ವಸಹಾಯ ಪುಸ್ತಿಕೆಯ ಮೂಲಕ ಕಲಿತವರಿಗೂ ಗುಂಪಿನಲ್ಲಿ ಕಲಿತವರಷ್ಟೇ ಪ್ರಯೋಜನ ಕಂಡಿತು. ಸಂಮೋಹನ ಚಿಕಿತ್ಸೆಗೂ, ಅಧಿಕ ತೂಕವಿರುವವರಲ್ಲಿ ತೂಕ ಇಳಿಕೆಗೂ ಒಂದಷ್ಟು ಪುರಾವೆ ಇದೆ.

ಔಷಧಗಳಲ್ಲಿ ಖಿನ್ನತೆಗೆ ಬಳಸುವ ಕೆಲವನ್ನು ಕಡಿಮೆ ಪ್ರಮಾಣದಲ್ಲಿ ಕೊಡಲಾಗುತ್ತದೆ: ವೆನ್ಲಾಫ್ಯಾಕ್ಸಿನ್, ಎಸ್ಸಿಟಾಲೊಪ್ರಾಮ್, ಪ್ಯಾರೊಕ್ಸೆಟಿನ್ ಇತ್ಯಾದಿ. ಪ್ಯಾರೊಕ್ಸೆಟಿನ್‌ನ 7.5 ಮಿ.ಗ್ರಾಂ ರೂಪಕ್ಕೆ ಅಮೆರಿಕದಲ್ಲಿ 2013ರಲ್ಲಿ ಹಾಟ್ ಫ್ಲಷ್‌ಗೆಂದೇ ಅನುಮತಿ ಸಿಕ್ಕಿತು. ಇವನ್ನು ಬರೆದುಕೊಟ್ಟ ಮಾತ್ರಕ್ಕೆ ವೈದ್ಯರು ತೊಂದರೆಯನ್ನು ಮಾನಸಿಕವೆಂದು ತಳ್ಳಿಹಾಕಿದರೆಂದು ತಿಳಿಯಬಾರದು. ಮೆದುಳಿನ ಉಷ್ಣಕೇಂದ್ರದ ಮೇಲೆ ಇವುಗಳ ಪರಿಣಾಮ ಬೇರೆಯೇ ಆಗಿದ್ದು, ಒಂದೆರಡು ವಾರಗಳಲ್ಲೇ ಗುಣ ಕಾಣಬಹುದು. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಸೇವಿಸುವವರು ಪ್ಯಾರೊಕ್ಸೆಟಿನ್ ತೆಗೆದುಕೊಳ್ಳಬಾರದು, ಏಕೆಂದರೆ ಟ್ಯಾಮಾಕ್ಸಿಫೆನ್ ಯಕೃತ್ತಿನಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ಅದು ತಡೆಯುತ್ತದೆ. ರಾತ್ರಿ ಬೆವರು ಮತ್ತು ನಿದ್ರಾಭಂಗವೇ ಪ್ರಧಾನವಾಗಿದ್ದರೆ ಮಲಗುವ ವೇಳೆ ಗ್ಯಾಬಪೆಂಟಿನ್ ಕೊಡುವುದುಂಟು. ತಲೆಸುತ್ತು, ಮಂಪರು ಇದರ ಅಡ್ಡಪರಿಣಾಮಗಳು. ಮೂತ್ರಕೋಶದ ತೊಂದರೆಗೆ ಬಳಸುವ ಆಕ್ಸಿಬ್ಯುಟಿನಿನ್ ಸಹ ಕೆಲಸ ಮಾಡುತ್ತದೆ, ಆದರೆ ವಯಸ್ಸಾದವರಲ್ಲಿ ನೆನಪಿನ ಶಕ್ತಿಯ ಮೇಲೆ ಪರಿಣಾಮವಾಗುವ ಭಯವಿದೆ.

ನ್ಯೂರೊಕೈನಿನ್ ಬಿ ಕೂರುವ ಗ್ರಾಹಕವನ್ನೇ ತಡೆಯುವ ಫೆಜೊಲಿನೆಟಾಂಟ್ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹಾರ್ಮೋನ್ ಅಲ್ಲದೆಯೂ ಮೂಲ ಕಾರಣದ ಮೇಲೆ ಕೆಲಸ ಮಾಡುವ ಈ ಬಗೆಯ ಔಷಧ, ಹಾರ್ಮೋನ್ ಸೇವಿಸುವಂತಿಲ್ಲದವರಿಗೆ ಹೊಸ ದಾರಿಯನ್ನು ತೆರೆದಿದೆ. ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿಂದಾಗಿ 2024ರ ಡಿಸೆಂಬರಿನಲ್ಲಿ ಇದಕ್ಕೆ ಗಂಭೀರ ಎಚ್ಚರಿಕೆಯನ್ನು ಸೇರಿಸಲಾಯಿತು. ಸೇವಿಸುವವರು ಯಕೃತ್ತಿನ ರಕ್ತಪರೀಕ್ಷೆಗಳನ್ನು ನಿಯತವಾಗಿ ಮಾಡಿಸಬೇಕು.

ಸೋಯಾ, ಬ್ಲ್ಯಾಕ್ ಕೊಹೊಶ್ ಮೊದಲಾದವು "ಸಹಜ ಹಾರ್ಮೋನ್" ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಬ್ಲ್ಯಾಕ್ ಕೊಹೊಶ್ ಅನ್ನು ಹುಸಿ ಮಾತ್ರೆಯೊಂದಿಗೆ ಒಂದು ವರ್ಷ ಹೋಲಿಸಿ 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಭಾರತದಲ್ಲಿ ಶತಾವರಿ, ಅಶ್ವಗಂಧಗಳ ಬಳಕೆ ಹೆಚ್ಚು. ದೊಡ್ಡ ಪ್ರಯೋಗಗಳ ಬೆಂಬಲ ಇವುಗಳಿಗಿಲ್ಲ, ಮತ್ತು ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಗಿಡಮೂಲಿಕೆ ಎಂಬ ಕಾರಣಕ್ಕೆ ವೈದ್ಯರಿಂದ ಅದನ್ನು ಮುಚ್ಚಿಡುವುದು ಒಳ್ಳೆಯದಲ್ಲ.

ನಿದ್ರೆ, ಮನಸ್ಸು ಮತ್ತು ಕೀಲುಗಳು

ಮೇಲೆ ಹೇಳಿದ 2005ರ ಸಮೀಕ್ಷೆಯಲ್ಲಿ ಹಾಟ್ ಫ್ಲಷ್‌ಗಿಂತ ಹೆಚ್ಚು ಮಂದಿ ದೂರಿದ್ದು ಮೈಕೈ ನೋವು ಮತ್ತು ಬಿಗಿತವನ್ನು: ಹಾರ್ಮೋನ್ ಬಿಟ್ಟವರಲ್ಲಿ ಶೇ 36.8, ಹುಸಿ ಮಾತ್ರೆ ಬಿಟ್ಟವರಲ್ಲಿ ಶೇ 22.2. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಲಾಗದಿರುವುದು, ಮಂಡಿ ಹಿಡಿದುಕೊಳ್ಳುವುದು ಇವನ್ನು ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗುವವರೇ ಹೆಚ್ಚು. ಮಾತ್ರೆ ಬಿಟ್ಟ ದಿನಾಂಕವನ್ನು ಬರೆದಿಟ್ಟುಕೊಂಡಿದ್ದರೆ ನಂಟು ಗೋಚರಿಸುತ್ತದೆ. ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇದಕ್ಕೆ ಸಹಾಯಕ. ಕೀಲು ಊದಿಕೊಂಡು ಬಿಸಿಯಾಗಿದ್ದರೆ ಸಂಧಿವಾತದ ಪರೀಕ್ಷೆ ಮಾಡಿಸಬೇಕು.

ನಿದ್ರೆ ಕೆಡಲು ರಾತ್ರಿ ಬೆವರೊಂದೇ ಕಾರಣವಲ್ಲ. ಬೆವರು ನಿಂತ ಮೇಲೂ ನಿದ್ರಾಹೀನತೆ ಅಭ್ಯಾಸವಾಗಿ ಉಳಿಯಬಹುದು. ಅದಕ್ಕೆ ನಿದ್ರೆಯ ಮಾತ್ರೆಗಿಂತ ನಿದ್ರೆಗೆ ಸಂಬಂಧಿಸಿದ ವರ್ತನಾ ಚಿಕಿತ್ಸೆಯೇ ದೀರ್ಘಕಾಲಕ್ಕೆ ಉತ್ತಮ. ಹಿಂದೆ ಖಿನ್ನತೆಗೆ ಒಳಗಾಗಿದ್ದವರಲ್ಲಿ ಹಾರ್ಮೋನ್ ನಿಲ್ಲಿಸಿದ ನಂತರ ಅದು ಮರುಕಳಿಸುವ ಸಾಧ್ಯತೆಯನ್ನು ಮನೆಯವರೂ ಗಮನದಲ್ಲಿಡಬೇಕು.

ಯೋನಿ ಮತ್ತು ಮೂತ್ರಾಂಗಗಳ ತೊಂದರೆ

ಈಸ್ಟ್ರೊಜೆನ್ ಇಲ್ಲವಾದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಉರಿ, ತುರಿಕೆ, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರಸೋಂಕು, ಮೂತ್ರ ತಡೆಹಿಡಿಯಲಾಗದಿರುವುದು ಇದರ ಫಲಗಳು. ಇವೆಲ್ಲವನ್ನೂ ಒಟ್ಟಾಗಿ ಋತುಬಂಧದ ಜನನ-ಮೂತ್ರಾಂಗ ಸಹಲಕ್ಷಣ ಎಂದು ಕರೆಯುವುದು 2014ರಿಂದ ರೂಢಿಗೆ ಬಂದಿದೆ. ಮಾತ್ರೆ ಬಿಟ್ಟ ಕೂಡಲೇ ಇದು ಕಾಣಿಸದೆ, ತಿಂಗಳುಗಳ ನಂತರ ಮೆಲ್ಲನೆ ತೋರುವುದರಿಂದ ಎರಡಕ್ಕೂ ಇರುವ ಸಂಬಂಧ ಹೊಳೆಯುವುದಿಲ್ಲ. ಸಂಕೋಚದಿಂದ ಹೇಳಿಕೊಳ್ಳದವರೂ ಬಹಳ. ಮೂತ್ರಸೋಂಕಿಗೆ ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ನುಂಗುತ್ತಿರುವ ಅರವತ್ತು ದಾಟಿದ ಮಹಿಳೆಗೆ ಅದರ ಮೂಲ ಇಲ್ಲಿರಬಹುದೆಂದು ಯಾರೂ ಹೇಳದಿರುವುದು ಅಪರೂಪವಲ್ಲ.

ವಾರಕ್ಕೆ ಎರಡು ಮೂರು ಬಾರಿ ಬಳಸುವ ತೇವಕಾರಕ ಜೆಲ್‌ಗಳು ಮತ್ತು ಸಂಭೋಗದ ವೇಳೆಯ ಜಾರುಕಗಳು ಮೊದಲ ಉಪಾಯ. ಅವು ಸಾಲದಿದ್ದರೆ ಯೋನಿಯೊಳಗೆ ಅತ್ಯಲ್ಪ ಪ್ರಮಾಣದ ಈಸ್ಟ್ರೊಜೆನ್ ಬಳಸಲಾಗುತ್ತದೆ: ಈಸ್ಟ್ರಿಯಾಲ್ ಕ್ರೀಮ್ ಅಥವಾ 10 ಮೈಕ್ರೊಗ್ರಾಂ ಈಸ್ಟ್ರಡಯಾಲ್ ಗುಳಿಗೆ. ಇದರಲ್ಲಿ ರಕ್ತಕ್ಕೆ ಸೇರುವ ಹಾರ್ಮೋನ್ ಬಹಳ ಕಡಿಮೆ. ಆದ್ದರಿಂದ ನುಂಗುವ ಮಾತ್ರೆಯನ್ನು ಬಿಟ್ಟವರೂ ಇದನ್ನು ವರ್ಷಗಳ ಕಾಲ ಬಳಸಬಹುದು, ಜೊತೆಗೆ ಪ್ರೊಜೆಸ್ಟೊಜೆನ್ ಬೇಕಾಗುವುದಿಲ್ಲ. ಮೂತ್ರಸೋಂಕು ಮರುಕಳಿಸುವುದನ್ನೂ ಇದು ತಗ್ಗಿಸುತ್ತದೆ. ಸ್ತನ ಕ್ಯಾನ್ಸರ್ ಇದ್ದವರು ಕ್ಯಾನ್ಸರ್ ತಜ್ಞರನ್ನು ಕೇಳಿ ನಿರ್ಧರಿಸಬೇಕು.

ಮೂಳೆಗಳು

ಹಾರ್ಮೋನ್ ಸೇವಿಸುವಷ್ಟು ಕಾಲ ಮೂಳೆಗಳಿಗೆ ರಕ್ಷಣೆ ಇರುತ್ತದೆ, ಬಿಟ್ಟ ಮೇಲೆ ಸವೆತ ಮತ್ತೆ ವೇಗ ಪಡೆಯುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ 80,955 ಮಹಿಳೆಯರನ್ನು 2002ರಿಂದ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆ ಬಿಟ್ಟವರಿಗೆ ಸೊಂಟದ ಮೂಳೆ ಮುರಿಯುವ ಸಂಭವ ಮುಂದುವರಿಸಿದವರಿಗಿಂತ ಶೇ 55ರಷ್ಟು ಹೆಚ್ಚಿತ್ತು. ರಕ್ಷಣೆ ಎರಡು ವರ್ಷಗಳೊಳಗೇ ಕರಗಿಹೋಗಿತ್ತು. ನಿಲ್ಲಿಸುವ ಹೊತ್ತಿಗೆ ಮೂಳೆಯ ಸಾಂದ್ರತೆಯನ್ನು ಡೆಕ್ಸಾ ಯಂತ್ರದಿಂದ ಅಳೆಸಿ, ಅಗತ್ಯವಿದ್ದರೆ ಬಿಸ್‌ಫಾಸ್ಫೊನೇಟ್‌ನಂತಹ ಔಷಧಕ್ಕೆ ಬದಲಾಗುವುದು ಸೂಕ್ತ.

ಋತುಬಂಧದ ನಂತರ ಭಾರತೀಯ ಮಹಿಳೆಗೆ ದಿನಕ್ಕೆ ಸುಮಾರು 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹಾಲು, ಮೊಸರು, ಎಳ್ಳು, ಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಇದರ ಮೂಲಗಳು. ದಕ್ಷಿಣ ಕರ್ನಾಟಕದ ದಿನನಿತ್ಯದ ಧಾನ್ಯವಾದ ರಾಗಿಯ 100 ಗ್ರಾಂನಲ್ಲಿ 350 ಮಿ.ಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ. ಅದರಲ್ಲಿರುವ ಫೈಟೇಟ್ ಅಂಶ ಹೀರಿಕೆಯನ್ನು ಸ್ವಲ್ಪ ತಡೆಯುತ್ತದೆ, ಮೊಳಕೆ ಕಟ್ಟಿದರೆ ಈ ತಡೆ ಕಡಿಮೆಯಾಗುತ್ತದೆ. ವಿಟಮಿನ್ ಡಿ ಕೊರತೆ ಬಿಸಿಲಿನ ನಾಡಿನಲ್ಲೂ ಸಾಮಾನ್ಯ.

ಅಕಾಲಿಕ ಋತುಬಂಧ ಮತ್ತು ಭಾರತದ ಸಂದರ್ಭ

ಭಾರತದಲ್ಲಿ ಸಹಜ ಋತುಬಂಧದ ಸರಾಸರಿ ವಯಸ್ಸು 46–47ರ ಆಸುಪಾಸು, ಪಾಶ್ಚಾತ್ಯ ದೇಶಗಳಲ್ಲಿ 51. ಇಲ್ಲಿ ಹಾರ್ಮೋನ್ ಚಿಕಿತ್ಸೆಯ ಬಳಕೆಯೂ ಕಡಿಮೆ. ಆದರೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 3ರಷ್ಟು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದು, ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಪ್ರಮಾಣ ಹೆಚ್ಚು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದಂತಾಗಿ ಲಕ್ಷಣಗಳು ತೀವ್ರವಾಗಿರುತ್ತವೆ.

ಇಂಥವರ ವಿಷಯದಲ್ಲಿ ಚಿಕಿತ್ಸೆ ನಿಲ್ಲಿಸುವ ಪ್ರಶ್ನೆಯೇ ಬೇರೆ. 45ಕ್ಕಿಂತ ಮೊದಲು ಅಂಡಾಶಯಗಳನ್ನು ಕಳೆದುಕೊಂಡವರಿಗೆ, ಸ್ತನ ಕ್ಯಾನ್ಸರ್‌ನಂತಹ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನ್ ಮುಂದುವರಿಸಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಇಲ್ಲವಾದರೆ ಹೃದ್ರೋಗ ಮತ್ತು ಮೂಳೆಸವೆತ ಬೇಗನೆ ಆವರಿಸುತ್ತವೆ. 38ನೇ ವಯಸ್ಸಿನಲ್ಲಿ ಅಂಡಾಶಯ ತೆಗೆಸಿಕೊಂಡವರು, ಸರಾಸರಿ 63 ವರ್ಷದವರ ಪ್ರಯೋಗದ ಫಲಿತಾಂಶವನ್ನು ಕೇಳಿ ಹೆದರಿ 40ಕ್ಕೆ ಮಾತ್ರೆ ಬಿಡುವುದು ತಪ್ಪು ತಿಳಿವಳಿಕೆಯಿಂದಾಗುವ ಹಾನಿ.

ಬೇರೆ ಕಾರಣಗಳ ಪರಿಶೀಲನೆ

ಮಾತ್ರೆ ಬಿಟ್ಟ ನಂತರ ಕಂಡದ್ದೆಲ್ಲವೂ ಅದರಿಂದಲೇ ಎಂದು ಭಾವಿಸುವುದು ಅಪಾಯಕರ. ಬೆವರು, ಎದೆಬಡಿತ, ತೂಕ ಇಳಿಕೆಗಳಿಗೆ ಥೈರಾಯಿಡ್ ಗ್ರಂಥಿಯ ಅತಿಸ್ರಾವ ಕಾರಣವಿರಬಹುದು. ಜ್ವರ, ಕೆಮ್ಮು ಅಥವಾ ತೂಕ ಇಳಿಕೆಯೊಂದಿಗೆ ರಾತ್ರಿ ಬೆವರು ಬಂದರೆ ಭಾರತದಲ್ಲಿ ಕ್ಷಯರೋಗವನ್ನು ಮೊದಲು ಪರೀಕ್ಷಿಸಬೇಕು. ಮಧುಮೇಹಿಗಳಲ್ಲಿ ಸಕ್ಕರೆ ಇಳಿದಾಗಲೂ ಥಟ್ಟನೆ ಬೆವರು ಬರುತ್ತದೆ. ಬೆವರಿನೊಂದಿಗೆ ಎದೆ, ದವಡೆ ಅಥವಾ ತೋಳಿನ ನೋವು, ಉಸಿರುಗಟ್ಟುವಿಕೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯನ್ನು ಮರಳಿ ಆರಂಭಿಸುವುದು

ಎಲ್ಲ ಉಪಾಯಗಳ ನಂತರವೂ ತೊಂದರೆ ಅಸಹನೀಯವಾಗಿದ್ದರೆ ಹಾರ್ಮೋನನ್ನು ಮತ್ತೆ ಆರಂಭಿಸುವುದು ಸೋಲಲ್ಲ. ಮೇಲಿನ ಅಧ್ಯಯನಗಳಲ್ಲಿ ಕಾಲುಭಾಗದಿಂದ ಅರ್ಧದಷ್ಟು ಮಹಿಳೆಯರು ಹಾಗೆಯೇ ಮಾಡಿದ್ದರು. ಚಿಕಿತ್ಸೆಯನ್ನು 60 ಅಥವಾ 65ಕ್ಕೆ ಕಡ್ಡಾಯವಾಗಿ ನಿಲ್ಲಿಸಬೇಕೆಂಬ ನಿಯಮವಿಲ್ಲವೆಂದೂ, ವೈಯಕ್ತಿಕ ಅಪಾಯಗಳನ್ನು ತೂಗಿ ನಿರ್ಧರಿಸಬೇಕೆಂದೂ ಮೆನೊಪಾಸ್ ಸೊಸೈಟಿಯ 2022ರ ನಿಲುವು ಹೇಳುತ್ತದೆ. ಆದರೂ ಬಿಟ್ಟು ಹಲವು ವರ್ಷಗಳಾಗಿ, 60 ದಾಟಿದ ಮೇಲೆ ಹೊಸದಾಗಿ ಆರಂಭಿಸುವುದು ಬಿಡದೆ ಮುಂದುವರಿಸಿದಂತಲ್ಲ. ಹೃದಯ ಮತ್ತು ಪಾರ್ಶ್ವವಾಯುವಿನ ಅಪಾಯ ಆಗ ಹೆಚ್ಚು. ಮರಳುವವರಿಗೆ ಸಾಮಾನ್ಯವಾಗಿ ಹಿಂದಿಗಿಂತ ಕಡಿಮೆ ಪ್ರಮಾಣವನ್ನು, ನುಂಗುವ ಮಾತ್ರೆಯ ಬದಲು ಚರ್ಮದ ಮೇಲೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ರೂಪದಲ್ಲಿ ಸೂಚಿಸುತ್ತಾರೆ. ಚರ್ಮದ ಮೂಲಕ ಹೋಗುವ ಈಸ್ಟ್ರೊಜೆನ್ ಮೊದಲು ಯಕೃತ್ತನ್ನು ಹಾಯುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆಯೆಂದು ಫ್ರಾನ್ಸ್‌ನ 'ಎಸ್ಥರ್' ಅಧ್ಯಯನ ತೋರಿಸಿದೆ. ಒಂದು ವರ್ಷದ ನಂತರ ಮತ್ತೊಮ್ಮೆ ನಿಲ್ಲಿಸಿ ನೋಡುವುದು ವಾಡಿಕೆ.